ಎರೆಮಣ್ಣಿನ ದಾರಿಯೂ ಓಟದ ಪುಟ್ಟ ಕಾರೂ

ವಿಜಯಪುರವನ್ನು ನೋಡಬಂದವರೆಲ್ಲರೂ ತಲೆಯೆತ್ತಿ ನೋಡುತ್ತಾರೆ. ನೋಡಬೇಕಾದುದೇ. 1656ರಲ್ಲಿ ಮುಗಿದ ಗೋಳಗುಮ್ಮಟ, ಅದರ 44 ಮೀಟರು ಅಗಲದ ಗುಮ್ಮಟ, ಉಪಲಿ ಬುರುಜು, ಇಬ್ರಾಹಿಂ ರೋಜಾದ ಮಿನಾರುಗಳು, ಎಲ್ಲವೂ ಕತ್ತನ್ನು ಹಿಂದಕ್ಕೆ ಬಾಗಿಸುವಂಥವು. ಕಣ್ಣನ್ನು ಕೆಳಗಿಳಿಸಿ ಈ ಸೀಮೆಯ ನೆಲವನ್ನು ನೋಡುವವರು ಮಾತ್ರ ಅಪರೂಪ. ಊರಿನ ಗಡಿ ದಾಟಿ ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ಬಬಲೇಶ್ವರ ಎಂದು ಹೊರಟರೆ ನೆಲವೇ ಮಾತನಾಡತೊಡಗುತ್ತದೆ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟು, ಮಳೆಗಾಲದಲ್ಲಿ ಉಬ್ಬಿ ಅಂಟಾಗಿ, ಚಳಿಗಾಲದಲ್ಲಿ ಬಿಳಿಜೋಳವನ್ನು ಹೊತ್ತು ನಿಲ್ಲುವ ಕರಿಯ ಎರೆಮಣ್ಣು ಅದು. ಈ ಮಣ್ಣನ್ನು ಓದಲು ಬಾರದವನು ಇಲ್ಲಿ ಬೇಸಾಯ ಮಾಡಲಾರ, ಮನೆಯ ಬುನಾದಿ ಹಾಕಲಾರ. ಮೋಟಾರು ಗಾಡಿಯನ್ನೂ ನೆಮ್ಮದಿಯಿಂದ ಓಡಿಸಲಾರ ಎಂಬುದು ಈಚೆಗೆ ನನಗಾದ ತಿಳಿವಳಿಕೆ. ಆ ತಿಳಿವಳಿಕೆಗೆ ಕಾರಣವಾದದ್ದು ಒಂದು ಪುಟ್ಟ ಓಟದ ಕಾರು.

ನನ್ನ ಮಿತ್ರರೊಬ್ಬರು ತಿಕೋಟಾ ಕಡೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕರು. ಮನೆ ವಿಜಯಪುರದಲ್ಲಿ, ಹಿರಿಯರ ಹೊಲ ಬಬಲೇಶ್ವರದ ಬಳಿ, ಮಗಳ ಓದು ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ. ಹೀಗೆ ಈ ಮೂರು ದಿಕ್ಕುಗಳ ನಡುವೆ ಅವರ ಬಾಳು ಹೆಣೆದುಕೊಂಡಿದೆ. ಇಂಥ ಸಂಸಾರಸ್ಥರು ಕಳೆದ ವರ್ಷ ಒಂದು ಹಳೆಯ ‘ಸ್ಯಾನ್ ಸ್ಟಾರ್ಮ್’ ಕೊಂಡು ಬಂದರು. ಓದುಗರಲ್ಲಿ ಅನೇಕರು ಆ ಹೆಸರನ್ನೇ ಕೇಳಿರಲಾರರು. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೊಮೋಟಿವ್ ಕಂಪನಿಯ ಬಳಗಕ್ಕೆ ಸೇರಿದ ಸ್ಯಾನ್ ಮೋಟಾರ್ಸ್ ಸಂಸ್ಥೆ 1998ರಲ್ಲಿ ಗೋವೆಯಿಂದ ಹೊರತಂದ ಎರಡೇ ಆಸನಗಳ ಕಾರು ಅದು. ಮೈಯೆಲ್ಲ ನಾರುಗಾಜಿನದು, ಅಂದರೆ ಫೈಬರ್. ಒಳಗೆ ಫ್ರಾನ್ಸಿನ ರೆನೊ ಸಂಸ್ಥೆಯ 1149 ಸಿ.ಸಿ.ಯ, 60 ಅಶ್ವಶಕ್ತಿಯ ಎಂಜಿನ್ನು. ಎಳೆಯುವುದು ಮುಂದಿನ ಗಾಲಿಗಳು. ಕನ್ನಡನಾಡಿಗೆ ಫೈಬರ್ ಮೈಯ ಕಾರು ಹೊಸತೇನೂ ಆಗಿರಲಿಲ್ಲ. 1982ರಲ್ಲಿಯೇ ಬೆಂಗಳೂರಿನಲ್ಲಿ ಸಿಪಾನಿಯವರ ‘ಡಾಲ್ಫಿನ್’ ಹುಟ್ಟಿತ್ತು. ಎರಡರ ತಯಾರಿಕೆಯೂ ನಿಂತು ವರ್ಷಗಳೇ ಕಳೆದಿವೆ.

ತಯಾರಿಕೆ ನಿಂತ ಕಾರೆಂದರೆ ತವರಿಲ್ಲದ ಸೊಸೆಯಂತೆ. ಅದಕ್ಕೆ ಬೇಕಾದುದನ್ನೆಲ್ಲ ಊರಲ್ಲಿ ಸಿಕ್ಕುವುದರಲ್ಲೇ ಆರಿಸಬೇಕು. ಮಿತ್ರರು ಎರಡು ಪಟ್ಟಿಗಳನ್ನು ಮಾಡಿದ್ದರು. ಮೊದಲನೆಯದು ಕಣ್ಣಿಗೆ ಕಾಣುವ ಪಟ್ಟಿ: ಹೊಳೆಯುವ ಅಲಾಯ್ ಗಾಲಿಗಳು, ಅಗಲವಾದ ಟೈರುಗಳು, ಗುಡುಗುವ ಸೈಲೆನ್ಸರು, ‘ಸ್ಪೋರ್ಟ್ಸ್’ ಎಂಬ ಅಚ್ಚಿನ ಗಾಳಿಜಾಲರಿ, ಪ್ರಖರವಾದ ದೀಪ. ಎರಡನೆಯದು ಕಾಣದ ಪಟ್ಟಿ: ಎಂಜಿನ್ ಎಣ್ಣೆ, ಬ್ರೇಕ್ ಆಯಿಲ್, ಕೂಲಂಟು, ರಬ್ಬರು ಕೊಳವೆಗಳು, ಬ್ರೇಕ್ ಪ್ಯಾಡುಗಳು, ತಯಾರಕರೇ ಹೇಳಿದ ಅಳತೆಯ ಸಾದಾ ಟೈರುಗಳು. ಕೂಡಿಟ್ಟ ಹಣ ಒಂದು ಪಟ್ಟಿಗೆ ಸಾಕಾಗುತ್ತಿತ್ತು, ಎರಡಕ್ಕೂ ಅಲ್ಲ. ಅದರ ಜೊತೆಗೆ, ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕು. ಆ ಗಡುವೂ ಹತ್ತಿರ ಬಂದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆ ಕಾರಿನ ಎರಡನೆಯ ಆಸನ ಮಗಳದು. ನಿತ್ಯವೂ ಆಕೆಯನ್ನು ತೊರವಿಯಲ್ಲಿ ಇಳಿಸಿ ತಂದೆ ತಿಕೋಟಾಕ್ಕೆ ಸಾಗುವುದು ವಾಡಿಕೆ.

ಪಟ್ಟಿಗಳೆರಡನ್ನೂ ಹಿಡಿದು ನಾವು ಸ್ಟೇಷನ್ ರಸ್ತೆಯ ಕಡೆಯ ಹಳೆಯ ಗ್ಯಾರೇಜೊಂದಕ್ಕೆ ಹೋದೆವು. ಅಲ್ಲಿಯ ಮಿಸ್ತ್ರಿ ನಲವತ್ತು ವರ್ಷಗಳಿಂದ ಎಣ್ಣೆಗೈಯವರು. ಪಟ್ಟಿಯನ್ನು ಓದಲೇ ಇಲ್ಲ. “ಟಾಯರ್ ನೋಡಿ ಟಾಯರ್ ತಗೋಬ್ಯಾಡ್ರಿ ಸರ, ರಸ್ತಾ ನೋಡಿ ತಗೋರಿ. ಒಂದ ಸಲ ತಿಕೋಟಾ ಬಬಲೇಶ್ವರ ಸುತ್ತಿ ಬರ್ರಿ. ಸಾವಕಾಶ ಹೋಗ್ರಿ. ಗಾಡಿ ಏನ ಬೇಡತೈತಿ ಅನ್ನೋದನ್ನ ಅದ ಹೇಳತೈತಿ” ಎಂದರು. ಎರಡೇ ಆಸನದ ಕಾರಾದ್ದರಿಂದ ಜೊತೆಗೆ ಹೋಗುವ ಭಾಗ್ಯ ನನ್ನದಾಯಿತು.

ಒಂದು ಭಾನುವಾರ ಬೆಳಗಿನ ತಂಪಿನಲ್ಲಿ ಹೊರಟೆವು. ಹೊರಡುವ ಮುನ್ನ ಮಿತ್ರರು ಟೈರುಗಳ ಗಾಳಿಯನ್ನು ಅಳೆದರು. ಗಾಳಿಯನ್ನು ಅಳೆಯಬೇಕಾದುದು ಹೀಗೆ ಗಾಡಿ ತಣ್ಣಗಿರುವಾಗಲೇ. ಉಷ್ಣ ಹತ್ತು ಡಿಗ್ರಿ ಏರಿದರೆ 30 ಪೌಂಡಿನ ಟೈರಿನಲ್ಲಿ ಒತ್ತಡ ಒಂದೂವರೆ ಪೌಂಡಿನಷ್ಟು ಏರುತ್ತದೆ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವುದು ಸಾಮಾನ್ಯ. ಕಾದ ಡಾಂಬರಿನ ಬಿಸಿ ಅದಕ್ಕೂ ಹೆಚ್ಚು. ನಡುಮಧ್ಯಾಹ್ನ ಅಳೆದು, “ಒತ್ತಡ ಹೆಚ್ಚಾಗಿದೆ” ಎಂದು ಗಾಳಿ ಬಿಡುವವರುಂಟು. ಆಮೇಲೆ ತಂಪಾದಾಗ ಟೈರು ಮೆತ್ತಗಾಗುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಬಾಗಿ ನೆಟ್ಟಗಾಗಿ ಒಳಗೊಳಗೇ ಕುದಿಯುತ್ತವೆ. ಬೇಸಿಗೆಯ ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಹೆಚ್ಚು ಗಾಳಿಗಿಂತ ಕಡಿಮೆ ಗಾಳಿಯೇ ಹೆಚ್ಚಿನ ಕಾರಣ.

ಇಬ್ರಾಹಿಂ ರೋಜಾವನ್ನು ಹಿಂದಿಟ್ಟು ಅಥಣಿಯ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ತೊರವಿ. ಕನ್ನಡದ ವಿದ್ಯಾರ್ಥಿಗೆ ಇದು ಪುಣ್ಯಕ್ಷೇತ್ರ; ಭಾಮಿನಿ ಷಟ್ಪದಿಯಲ್ಲಿ ರಾಮಾಯಣವನ್ನು ಹಾಡಿದ ಕುಮಾರ ವಾಲ್ಮೀಕಿಯ ನೆಲೆ, ಅವನ ನರಸಿಂಹನ ಗುಡಿ ಇಲ್ಲಿಯದೇ. ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ಕಟ್ಟತೊಡಗಿದ ನವರಸಪುರದ ಅವಶೇಷಗಳೂ ಇಲ್ಲೇ. ಆದರೆ ಅಂದು ನಮ್ಮನ್ನು ನಿಲ್ಲಿಸಿದ್ದು ಕಾವ್ಯವೂ ಅಲ್ಲ, ಅರಮನೆಯೂ ಅಲ್ಲ; ನೀರು. ಆದಿಲಶಾಹಿಗಳ ಕಾಲದಲ್ಲಿ ತೊರವಿಯಿಂದ ನೆಲದೊಳಗಿನ ಕಾಲುವೆಯಲ್ಲಿ ನಗರಕ್ಕೆ ನೀರು ಹರಿಯುತ್ತಿತ್ತು. ದಕ್ಷಿಣದಲ್ಲಿ 1651ರ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಬರುತ್ತಿತ್ತು. ಕೊಳವೆಯ ದಾರಿಯುದ್ದಕ್ಕೂ ‘ಗಂಜ್’ ಎಂದು ಕರೆಯುವ ಗೋಪುರಗಳನ್ನು ನಿಲ್ಲಿಸಿದ್ದರು. ಒಳಗಿನ ಒತ್ತಡ ಮಿತಿಮೀರಿ ಕೊಳವೆ ಒಡೆಯಬಾರದೆಂದು ಅಲ್ಲಿ ಒತ್ತಡ ಇಳಿಯುತ್ತಿತ್ತು. ನೀರಿನೊಡನೆ ಬಂದ ಹೂಳು ಅಲ್ಲಿಯೇ ತಳಕ್ಕೆ ಕೂರುತ್ತಿತ್ತು. ಮಿತ್ರರು ನಕ್ಕರು: “ಕನ್ನಡದವ್ರ, ರೇಡಿಯೇಟರಿನ ಮುಚ್ಚಳಾನೂ ಎಣ್ಣಿ ಜಾಲರೀನೂ ನಾನೂರು ವರ್ಷದ ಹಿಂದನ ಇಲ್ಲಿ ಇದ್ದೂ, ನೋಡ್ರಿ!”

ಮಾತು ತಮಾಷೆಯದಾದರೂ ತತ್ತ್ವ ಒಂದೇ. ಕಾರಿನೊಳಗೆ ಹರಿಯುವ ದ್ರವಗಳು ಮೂರು ಮುಖ್ಯ. ಒಂದೊಂದಕ್ಕೂ ಒಂದೊಂದು ಧರ್ಮ.

ಎಂಜಿನ್ ಎಣ್ಣೆಯ ಡಬ್ಬಿಯ ಮೇಲೆ 10ಡಬ್ಲ್ಯು-40 ಎಂಬಂತಹ ಬರಹವಿರುತ್ತದೆ. ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ಬೇಗ ಹರಿಯುತ್ತದೆ. ಮುಂದಿನ ಅಂಕಿ ದೊಡ್ಡದಾದಷ್ಟೂ ಎಂಜಿನ್ನು ಕಾದಾಗ ಎಣ್ಣೆ ಗಟ್ಟಿಯಾಗಿ ಉಳಿಯುತ್ತದೆ. ಹಿಮವೇ ಬೀಳದ ವಿಜಯಪುರದಲ್ಲಿ ಮೊದಲ ಅಂಕಿಗಾಗಿ ಹೆಚ್ಚು ಹಣ ತೆರಬೇಕಾದ ಅಗತ್ಯ ಕಡಿಮೆ. ಹಾಗೆಂದು, “ನಮ್ಮದು ಬಿಸಿಲಿನ ಊರು, ಎಲ್ಲಕ್ಕಿಂತ ಮಂದವಾದದ್ದನ್ನು ಹಾಕಿ” ಎನ್ನುವುದೂ ಸಲ್ಲದು. ಅತಿ ಮಂದವಾದ ಎಣ್ಣೆ ಸಣ್ಣ ಸಂದುಗಳಿಗೆ ಹೊತ್ತಿಗೆ ಸರಿಯಾಗಿ ತಲಪುವುದಿಲ್ಲ. ಎಂಜಿನ್ ಕಟ್ಟಿದವರು ಕೈಪಿಡಿಯಲ್ಲಿ ಕೊಟ್ಟ ಮಿತಿಯೊಳಗೆ ಆರಿಸಿ, ಹೊತ್ತಿಗೆ ಸರಿಯಾಗಿ ಬದಲಿಸುವುದೇ ಜಾಣತನ. ದುಬಾರಿ ಎಣ್ಣೆಯನ್ನು ಹಾಕಿ ಎರಡು ವರ್ಷ ಮರೆಯುವವನಿಗಿಂತ, ಸಾಧಾರಣ ಎಣ್ಣೆಯನ್ನು ಜಾಲರಿಯೊಡನೆ ಕಾಲಕಾಲಕ್ಕೆ ಬದಲಿಸುವವನ ಎಂಜಿನ್ನು ಹೆಚ್ಚು ಬಾಳುತ್ತದೆ. ಉಳಿದ ಎರಡು ದ್ರವಗಳ ಮಾತು ಮುಂದೆ ಬರುತ್ತದೆ. ದಾರಿಯೇ ಅವನ್ನು ನೆನಪಿಸಿತು.

ತೊರವಿಯನ್ನು ದಾಟಿದರೆ ದಾರಿಯ ಎರಡೂ ಕಡೆ ದ್ರಾಕ್ಷಿಯ ಚಪ್ಪರ. ವಿಜಯಪುರದಿಂದ ಸುಮಾರು 20 ಕಿಲೋಮೀಟರು ದೂರದ ತಿಕೋಟಾ ಈಗ ತಾಲ್ಲೂಕಿನ ಮುಖ್ಯಸ್ಥಳ. ಮಳೆ ಕಡಿಮೆಯ ಈ ಸೀಮೆಯಲ್ಲಿ ದ್ರಾಕ್ಷಿ ಬೆಳೆದು, ಒಣಗಿಸಿ, ಊರೂರಿಗೆ ಕಳುಹುವ ಸಾಹಸ ಕಂಡು ಬೆರಗಾಗದವರಿಲ್ಲ. ತೋಟದ ಪಕ್ಕದಲ್ಲಿ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿದ ಉದ್ದನೆಯ ಶೆಡ್ಡುಗಳು. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಅದಕ್ಕೆಂದೇ ಇರುವ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಹರಡುತ್ತಾರೆ. ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲವಾಗಿ ತೇವ ಬೇಗ ಹೊರಬೀಳುತ್ತದೆ. ಬೆರಕೆಯ ಪ್ರಮಾಣ ಹೆಚ್ಚುಕಡಿಮೆಯಾದರೆ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. “ಎಣ್ಣಿ ಯಾವ್ದರೆ ಆಗ್ಲಿ ಅನ್ನಂಗಿಲ್ರಿ” ಎಂದು ತೋಟದ ಯಜಮಾನರು ಹೇಳಿದ ಮಾತನ್ನು ಮಿತ್ರರು ಬರೆದುಕೊಂಡರೆಂದೇ ನನಗೆ ತೋರಿತು.

ಆ ತೋಟದವರೆಗಿನ ಕಾಲುದಾರಿಯಲ್ಲಿ ಮುಂದೆ ಹೋದ ಟ್ರ್ಯಾಕ್ಟರು ಎಬ್ಬಿಸಿದ ಧೂಳು ಕಾಲು ಗಂಟೆಯಾದರೂ ಇಳಿದಿರಲಿಲ್ಲ. ಕೆಂಪು ಕಾರು ಬೂದಿ ಬಳಿದ ಬೈರಾಗಿಯಾಯಿತು. ಇಲ್ಲಿ ಮೊದಲ ಪಟ್ಟಿಯ ಒಂದು ವಸ್ತು ತಾನಾಗಿ ಅಳಿಸಿಹೋಯಿತು: ‘ಸ್ಪೋರ್ಟ್ಸ್’ ಗಾಳಿಜಾಲರಿ. ಹತ್ತಿಯ ಬಟ್ಟೆಗೆ ಎಣ್ಣೆ ಸವರಿದ ಅಂಥ ಜಾಲರಿ ಗಾಳಿಯನ್ನು ಸರಾಗವಾಗಿ ಬಿಡುತ್ತದೆ, ನಿಜ. ಆದರೆ ಸರಾಗವಾಗಿ ಬಿಡುವ ಜಾಲರಿ ಸಣ್ಣ ಧೂಳನ್ನೂ ಬಿಡುವುದುಂಟು. ಧೂಳೆಂದರೆ ಎಂಜಿನ್ನಿನ ಒಳಗೋಡೆಗೆ ಉಜ್ಜುಕಾಗದ. ಅರವತ್ತು ಅಶ್ವಶಕ್ತಿಯ ಎಂಜಿನ್ನಿಗೆ ಇದರಿಂದ ಸಿಕ್ಕುವ ಲಾಭ ಕಿವಿಗೆ ಕೇಳಿಸೀತೇ ಹೊರತು ಕಾಲಿಗೆ ತಿಳಿಯುವಷ್ಟಲ್ಲ. ಸಾದಾ ಕಾಗದದ ಜಾಲರಿಯೇ ಈ ಸೀಮೆಗೆ ಸರಿ. ಕೈಪಿಡಿ ಹೇಳುವ ಅವಧಿ ಧೂಳಿಲ್ಲದ ದಾರಿಗೆ ಸಲ್ಲುವಂಥದು. ಇಲ್ಲಿ ಅದಕ್ಕೂ ಮುಂಚೆಯೇ ಬದಲಿಸಬೇಕು.

ತಿಕೋಟಾದಿಂದ ಬಬಲೇಶ್ವರಕ್ಕೆ ಒಳದಾರಿ ಹಿಡಿದೆವು. ಎರೆಭೂಮಿಯ ಮೇಲೆ ಹಾಕಿದ ರಸ್ತೆಗೆ ಒಂದು ಸ್ವಭಾವವುಂಟು. ಕೆಳಗಿನ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮೇಲಿನ ಡಾಂಬರು ಅಲೆಯಲೆಯಾಗಿ ಏಳುತ್ತದೆ, ಅಂಚು ಮುರಿಯುತ್ತದೆ. ನೆಲಕ್ಕೆ ಹತ್ತಿರವಾಗಿ ಕೂರುವ ಪುಟ್ಟ ಕಾರಿನಲ್ಲಿ ಈ ಅಲೆಗಳೆಲ್ಲ ಬೆನ್ನುಮೂಳೆಗೇ ತಿಳಿಯುತ್ತವೆ. ಮಿತ್ರರು ಒಂದು ಗುಂಡಿಯ ಮುಂದೆ ನಿಲ್ಲಿಸಿ ಇಳಿದು ಟೈರಿನ ಲೆಕ್ಕವನ್ನು ನನಗೆ ವಿವರಿಸಿದರು.

ಅನೇಕ ಸಣ್ಣ ಕಾರುಗಳಲ್ಲಿ ಕಾಣುವ 165/80 ಆರ್ 14 ಎಂಬ ಬರಹವನ್ನೇ ತೆಗೆದುಕೊಳ್ಳಿ. 165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಅಗಲದ ನೂರಕ್ಕೆ ಎಂಬತ್ತರಷ್ಟು ಪಕ್ಕದ ಎತ್ತರ; ಅಂದರೆ 132 ಮಿಲಿಮೀಟರು. 14 ಎಂದರೆ ಗಾಲಿಯ ಅಡ್ಡಳತೆ, ಅಂಗುಲದಲ್ಲಿ. ಇದರ ಬದಲು ಅಂದಕ್ಕಾಗಿ 185/65 ಆರ್ 15 ಹಾಕಿದರೆ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ವೇಗಮಾಪಕವೂ ಸುಳ್ಳು ಹೇಳುವುದಿಲ್ಲ. ಆದರೆ ಪಕ್ಕದ ಎತ್ತರ 120 ಮಿಲಿಮೀಟರಿಗೆ ಇಳಿಯುತ್ತದೆ. ಗುಂಡಿಗೂ ಗಾಲಿಯ ಲೋಹಕ್ಕೂ ನಡುವಣ ಗಾಳಿಯ ಹಾಸಿಗೆ ಹನ್ನೆರಡು ಮಿಲಿಮೀಟರು ತೆಳುವಾಯಿತು. ಇನ್ನೂ ಅಂದ ಬೇಕೆಂದು ಇನ್ನೂ ದೊಡ್ಡ ಗಾಲಿ ಹಾಕಿದರೆ ಇನ್ನೂ ತೆಳು. ನಯವಾದ ಓಟದ ಪಥದಲ್ಲಿ ತೆಳುಪಕ್ಕದ ಟೈರು ತಿರುವಿನಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಅದು ಅದರ ಗುಣ. ಮುರಿದ ಅಂಚಿನ ರಸ್ತೆಯಲ್ಲಿ ಅದೇ ಟೈರಿನ ಪಕ್ಕ ಹರಿಯುತ್ತದೆ, ಗಾಲಿ ಸೊಟ್ಟಗಾಗುತ್ತದೆ. ಅದು ಅದರ ದೋಷ. ವಸ್ತು ಒಂದೇ, ನೆಲ ಬೇರೆ.

ಅಳತೆಯ ಮುಂದೆ ಬರೆದ ಅಂಕಿಯನ್ನು ಕೊಳ್ಳುವವರು ಓದುವುದೇ ಕಡಿಮೆ. 79 ಎಂದಿದ್ದರೆ ಆ ಒಂದು ಟೈರು 437 ಕಿಲೋ ಹೊರಬಲ್ಲದು. 85 ಎಂದಿದ್ದರೆ 515 ಕಿಲೋ. ಅದರ ಪಕ್ಕದ ಅಕ್ಷರ ವೇಗದ ಮಿತಿ. ಟಿ ಎಂದರೆ ಗಂಟೆಗೆ 190 ಕಿಲೋಮೀಟರು. ಇವು ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಪಕ್ಕದಲ್ಲಿ ನಾಲ್ಕು ಅಂಕಿಗಳ ಚಿಕ್ಕ ಮುದ್ರೆಯೊಂದಿದೆ: 2324 ಎಂದರೆ 2024ರ 23ನೆಯ ವಾರದಲ್ಲಿ ಹುಟ್ಟಿದ ಟೈರು. ಅಂಗಡಿಯ ಮೂಲೆಯಲ್ಲಿ ಐದು ವರ್ಷ ಕುಳಿತ ಟೈರು ಹೊಸದಾಗಿ ಕಂಡರೂ ಹೊಸದಲ್ಲ. ರಬ್ಬರು ಓಡದೆಯೂ ಮುದಿಯಾಗುತ್ತದೆ. ಐಎಸ್‌ಐ ಗುರುತು ಇದೆಯೇ ಎಂದು ನೋಡಬೇಕು. ಮೈಮೇಲಿನ ಗೆರೆಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಆ ಟೈರಿಗೆ ಕೈಮುಗಿಯಬೇಕು. ಎರಡೇ ಟೈರು ಕೊಳ್ಳಲು ಹಣವಿದ್ದರೆ ಹೊಸವನ್ನು ಹಿಂದಿನ ಗಾಲಿಗೆ ಹಾಕಬೇಕು, ಕಾರು ಮುಂದಿನ ಗಾಲಿಯಿಂದಲೇ ಎಳೆಯುವಂಥದಾದರೂ ಸರಿಯೆ. ಒದ್ದೆಯ ತಿರುವಿನಲ್ಲಿ ಮುಂದಿನ ಗಾಲಿ ಜಾರಿದರೆ ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು. ಹಿಂದಿನ ಗಾಲಿ ಜಾರಿದರೆ ಕಾರೇ ಬುಗುರಿಯಾಗುತ್ತದೆ.

ಈ ಪಾಠ ನಡೆದಿರುವಾಗ ಎತ್ತಿನ ಬಂಡಿಯೊಂದು ಬಂದು ನಮ್ಮ ಹಿಂದೆ ನಿಂತಿತು. ಈಗ ಇವು ಅಪರೂಪ. ಅದೂ ಕಟ್ಟಿಗೆಯ ಗಾಲಿ, ಕಬ್ಬಿಣದ ಹಳಿ. ಬಂಡಿಯ ಅಜ್ಜ ಕಾರನ್ನು ಸುತ್ತಿ ನೋಡಿ, “ಗಾಲಿ ಭಾಳ ಸಣ್ಣೂ ಅದಾವ್ರಿ ಸಾಹೇಬ್ರ” ಎಂದ. ಅವನ ಗಾಲಿಯ ವಿಚಾರ ಕೇಳಿದೆವು. ಜಾಲಿಯ ಕಟ್ಟಿಗೆಯೇ ಆಗಬೇಕಂತೆ. ಎರೆಯ ಹಸಿಗೂ ಬಿಸಿಲಿಗೂ ಅದು ತಾಳುತ್ತದಂತೆ. ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ಮರೆತವನು ಎತ್ತಿನ ಶಾಪಕ್ಕೆ ಗುರಿಯಂತೆ. ಗಾಲಿಯ ಹೊರಗೆ ಬೆರಳುದ್ದದ ಕಡೆಗೀಲನ್ನು ಮುಟ್ಟಿ ತೋರಿಸಿ, “ಇದ ಬಿದ್ರ ಎಲ್ಲಾ ಬಿತ್ತು” ಎಂದು ಹೇಳಿ ಎತ್ತುಗಳನ್ನು ಹೊಡೆದುಕೊಂಡು ಹೋದ. ನಮ್ಮ ವಚನಕಾರರು ಕಡೆಗೀಲಿನ ಮಾತನ್ನೇಕೆ ಆಡಿದರೆಂದು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅಂದು ಅದು ಎರಡು ಮೊಳ ದೂರದಲ್ಲಿ ಕಣ್ಣಿಗೆ ಬಿತ್ತು.

ಬಬಲೇಶ್ವರ ತಲಪುವಾಗ ಹೊತ್ತು ನೆತ್ತಿಗೆ ಬಂದಿತ್ತು. ವಿಜಯಪುರದಿಂದ ನೇರವಾಗಿ ಬಂದರೆ ಸುಮಾರು 25 ಕಿಲೋಮೀಟರು; ಬೃಹನ್ಮಠದ ಊರು, ಇದೂ ಈಗ ತಾಲ್ಲೂಕಿನ ಮುಖ್ಯಸ್ಥಳ. ಇಲ್ಲಿಂದ ದಕ್ಷಿಣಕ್ಕೆ ಹೋದಂತೆ ಕೃಷ್ಣೆಯ ನೀರಿನ ಕೃಪೆ ಕಾಣತೊಡಗುತ್ತದೆ. ಜೋಳದ ಜಾಗದಲ್ಲಿ ಕಬ್ಬು ತಲೆಯೆತ್ತುತ್ತದೆ. ಮಿತ್ರರ ಹೊಲದ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರಿನ ಊಟವಾಯಿತು. ಅಲ್ಲಿಯ ಅವರ ದೊಡ್ಡಪ್ಪನವರು ಕಾರಿನ ಬಾಯಾರಿಕೆಯನ್ನೂ ವಿಚಾರಿಸಿ ಬಾವಿಯಿಂದ ಒಂದು ಕೊಡ ನೀರು ತರಿಸಿದರು. ಮಿತ್ರರು ಕೈಮುಗಿದು, “ಕಾಕಾ, ಇದನ್ನ ನಾವು ಕುಡೀತೀವಿ, ಗಾಡಿಗೆ ಬ್ಯಾಡ” ಎಂದರು.

ಅದು ಎರಡನೆಯ ದ್ರವದ ಕಥೆ. ನಮ್ಮ ಬಾವಿ ಬೋರುಗಳ ನೀರು ಬಹುಮಟ್ಟಿಗೆ ಗಡಸು. ಬೇಳೆ ಬೇಯಲು ತಡಮಾಡುವ ಆ ನೀರು ರೇಡಿಯೇಟರಿನ ಕಿರುಗೊಳವೆಗಳಲ್ಲಿ ಸುಣ್ಣದ ಪೊರೆ ಕಟ್ಟುತ್ತದೆ. ಒಂದೆರಡು ಬೇಸಿಗೆಯಲ್ಲೇ ಕೊಳವೆ ಕಟ್ಟಿಕೊಂಡು ಎಂಜಿನ್ನು ಕುದಿಯುತ್ತದೆ. ಕೂಲಂಟನ್ನು ಶೀತದೇಶದವರು ನೀರು ಹೆಪ್ಪುಗಟ್ಟದಿರಲೆಂದು ಬಳಸುತ್ತಾರೆ. ನಮಗೆ ಅದು ಬೇಕಾಗಿರುವುದು ಬೇರೆ ಎರಡು ಕಾರಣಗಳಿಗೆ. ಎಥಿಲೀನ್ ಗ್ಲೈಕಾಲನ್ನು ಬಟ್ಟಿ ಇಳಿಸಿದ ನೀರಿನೊಡನೆ ಸಮಸಮವಾಗಿ ಬೆರೆಸಿದರೆ ಅದು ಕುದಿಯುವುದು 100 ಡಿಗ್ರಿಯಲ್ಲಲ್ಲ, 106ರ ಆಸುಪಾಸಿನಲ್ಲಿ; ಒತ್ತಡ ಹಿಡಿಯುವ ಮುಚ್ಚಳ ಸರಿಯಾಗಿದ್ದರೆ ಇನ್ನೂ ಮೇಲೆ. ಜೊತೆಗೆ ಅದರಲ್ಲಿಯ ಮದ್ದು ಒಳಗಿನ ಲೋಹವನ್ನು ತುಕ್ಕಿನಿಂದ ಕಾಯುತ್ತದೆ. ಬಣ್ಣ ನೋಡಿ ಎರಡು ಬಗೆಯ ಕೂಲಂಟುಗಳನ್ನು ಬೆರೆಸಬಾರದು. ಬಣ್ಣಕ್ಕೆ ನಿಯಮವಿಲ್ಲ, ಮದ್ದುಗಳು ಒಂದಕ್ಕೊಂದು ಒಗ್ಗದಿರಬಹುದು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದೆಂಬುದನ್ನು ಮನೆಯ ಮಕ್ಕಳಿಗೂ ಹೇಳಿಕೊಡಬೇಕು.

ಊಟದ ಬಳಿಕ ಕಬ್ಬಿನ ಗದ್ದೆಯ ಅಂಚಿನಲ್ಲಿ ಕುಳಿತಾಗ ಇನ್ನೊಂದು ವಿಚಾರ ಹೊರಬಿತ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆತ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲು ಈಗ ದೇಶದ ಬಂಕುಗಳಲ್ಲೆಲ್ಲ ಬಂದಿದೆ. ಕಬ್ಬು, ಮೆಕ್ಕೆಜೋಳ, ಅಕ್ಕಿ ಇವುಗಳಿಂದ ಆ ಎಥನಾಲ್ ಬರುತ್ತದೆ. ಅಂದರೆ ಈ ಗದ್ದೆಯ ಕಬ್ಬೇ ಸುತ್ತಿಬಳಸಿ ಕಾರಿನ ಟ್ಯಾಂಕಿಗೆ ಬಂದರೂ ಬರಬಹುದು. ರೈತನ ದೃಷ್ಟಿಯಿಂದ ಸಂತೋಷದ ಸಂಗತಿ. ಆದರೆ 20-25 ವರ್ಷಗಳ ಹಿಂದಿನ ಕಾರಿನ ಇಂಧನದ ಕೊಳವೆ, ರಬ್ಬರು ಉಂಗುರಗಳು ಈ ಬೆರಕೆಯನ್ನು ಕನಸಿನಲ್ಲೂ ಕಂಡವಲ್ಲ. ಎಥನಾಲ್ ನೀರನ್ನು ಹೀರುತ್ತದೆ. ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಬಿರಿಸಬಲ್ಲದು. ಕಾದ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲು ಜಿನುಗುವುದೆಂದರೆ ಬೆಂಕಿಗೆ ಆಮಂತ್ರಣ. ಫೈಬರ್ ಮೈಗೆ ತುಕ್ಕಿನ ಭಯವಿಲ್ಲ, ಬೆಂಕಿಯ ಭಯವುಂಟು. ಹೀಗಾಗಿ ಎಥನಾಲ್ ತಾಳುವ ಹೊಸ ಕೊಳವೆಗಳು ಪಟ್ಟಿಯ ತಲೆಗೇರಿದವು. ಅವುಗಳ ಬೆಲೆ ಒಂದು ಅಲಾಯ್ ಗಾಲಿಯ ಬೆಲೆಗಿಂತ ಎಷ್ಟೋ ಕಡಿಮೆ.

ಸಂಜೆ ಸಾರವಾಡದ ದಾರಿಯಿಂದ ಹಿಂದಿರುಗಿದೆವು. ಸಾರವಾಡದ ಬಳಿ ಡೋಣಿ ನದಿ. ಜತ್ತದ ಕಡೆ ಹುಟ್ಟಿ ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಉಪ್ಪು. ದಡದ ಮಣ್ಣು ಮಾತ್ರ ಬಂಗಾರ. ಡೋಣಿ ಹರಿದರೆ ಓಣಿಗೆಲ್ಲ ಜೋಳ ಎಂಬುದು ಈ ಸೀಮೆಯ ಮಾತು. ಮಳೆಗಾಲದಲ್ಲಿ ಸೇತುವೆಯ ಮೇಲೇ ಹರಿದು ಊರೂರುಗಳ ಸಂಪರ್ಕ ಕಡಿಯುವುದೂ ಈ ಹೊಳೆಯ ಗುಣವೇ. ಅಂದು ಹೊಳೆ ಬಡವಾಗಿತ್ತು. ಮಬ್ಬುಗತ್ತಲೆ. ಸೇತುವೆಯ ಕಡೆಗೆ ಇಳಿಯುತ್ತಿದ್ದಾಗ ಎದುರಿನ ಲಾರಿಯ ದೀಪಕ್ಕೆ ಕಣ್ಣು ಕತ್ತಲಿಟ್ಟಿತು. ಲಾರಿ ದಾಟಿದೊಡನೆ ಇಪ್ಪತ್ತು ಮಾರು ದೂರದಲ್ಲಿ, ಹಿಂದೆ ಒಂದೂ ಕೆಂಪು ದೀಪವಿಲ್ಲದ ಕಬ್ಬಿನ ಟ್ರೇಲರು! ಮಿತ್ರರು ನಿಧಾನವಾಗಿಯೇ ಓಡಿಸುತ್ತಿದ್ದುದರಿಂದ ಕಾರು ನಿಂತಿತು. ಆದರೆ ಬ್ರೇಕಿನ ತುಳಿಹಲಗೆ ಎಂದಿಗಿಂತ ಆಳಕ್ಕೆ ಇಳಿದಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನಾನು ಕುಳಿತಿದ್ದುದು ಅವರ ಮಗಳು ಕೂರುವ ಆಸನ.

ಮೂರನೆಯ ದ್ರವ ಇದೇ: ಬ್ರೇಕ್ ಆಯಿಲ್. ಹೆಸರಿಗೆ ಎಣ್ಣೆ, ನಿಜವಾಗಿ ಎಣ್ಣೆಯಲ್ಲ. ಗಾಳಿಯಲ್ಲಿಯ ತೇವವನ್ನು ಸದಾ ಹೀರುವ ದ್ರವ. ‘ಡಾಟ್ 3’ ಎಂಬುದು ಹೊಸತಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ‘ಡಾಟ್ 4’ಕ್ಕೆ ಇವು 230 ಮತ್ತು 155. ಬಿಗಿದು ಹಿಡಿದ ಬ್ರೇಕಿನ ಬಿಸಿಗೆ ತೇವ ಕುಡಿದ ದ್ರವ ಕುದಿದು ಆವಿಯಾದರೆ, ಕಾಲಿನ ಒತ್ತು ಆವಿಯನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ, ಗಾಲಿಯನ್ನು ಮುಟ್ಟುವುದಿಲ್ಲ. ಹಳೆಯ ರಬ್ಬರು ಕೊಳವೆ ಉಬ್ಬಿದರೂ, ಒಳಗೆ ಗಾಳಿ ಸೇರಿದರೂ ಪರಿಣಾಮ ಹೀಗೆಯೇ. ಆದ್ದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಿಸಬೇಕು. ಬಾಯಿ ತೆರೆದಿಟ್ಟು ಮಳೆಗಾಲ ಕಳೆದ ಡಬ್ಬಿಯ ಉಳಿಕೆಯನ್ನು ಉಳಿತಾಯವೆಂದು ಸುರಿಯಬಾರದು. ‘ಡಾಟ್ 5’ ಎಂಬುದು ಸಿಲಿಕೋನಿನದು. ಅಂಕಿ ದೊಡ್ಡದೆಂದು ಅದನ್ನು ಇವುಗಳೊಡನೆ ಬೆರೆಸಿದರೆ ಅನರ್ಥ.

ದೀಪದ ವಿಚಾರವೂ ಅಲ್ಲಿಯೇ ತೀರ್ಮಾನವಾಯಿತು. ನಮ್ಮ ಕಣ್ಣು ಕುಕ್ಕಿದ ಲಾರಿಯವನಂತೆ ನಾವೂ ನೂರು ವ್ಯಾಟಿನ ಬುರುಡೆ ಹಾಕಿ ಎದುರಿನವನನ್ನು ಕುರುಡಾಗಿಸುವುದೇ? ಸಾಮಾನ್ಯ ಹ್ಯಾಲೊಜನ್ ಬುರುಡೆಗಳಿಗೆ 55-60 ವ್ಯಾಟು ವಿಧಿಸಿರುವುದು ಸುಮ್ಮನಲ್ಲ. ಹೆಚ್ಚಿನದಕ್ಕೆ ಹಳೆಯ ತಂತಿಗಳೇ ಕರಗುತ್ತವೆ. ಗಾಜನ್ನು ಉಜ್ಜಿ ತಿಳಿಗೊಳಿಸಿ, ತಂತಿಯ ಜೋಡಣೆ ಬಿಗಿಮಾಡಿ, ಬೆಳಕಿನ ಕೋಲನ್ನು ಸರಿಯಾದ ಎತ್ತರಕ್ಕೆ ತಿರುಗಿಸಿದರೆ ಅರ್ಧ ಕತ್ತಲೆ ತಾನೇ ಓಡುತ್ತದೆ. ಗುಡುಗುವ ಸೈಲೆನ್ಸರಿಗೆ ಕಾನೂನೇ ಅಡ್ಡಿ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದ ಪ್ರಕಾರ ತಯಾರಕರು ಕೊಟ್ಟ ವಿವರಗಳಿಂದ ದೂರಹೋಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ನವೀಕರಣದ ತಪಾಸಣೆಯಲ್ಲಿ ಅಂಥದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಮರುದಿನ ಮಿಸ್ತ್ರಿಯ ಮುಂದೆ ಮಿತ್ರರು ಇಟ್ಟದ್ದು ಒಂದೇ ಪಟ್ಟಿ, ಅದೂ ಕ್ರಮಸಂಖ್ಯೆಯೊಡನೆ. ಮೊದಲು ಬ್ರೇಕಿನ ಕೊಳವೆಗಳು, ಪ್ಯಾಡುಗಳು, ಹೊಸ ಡಬ್ಬಿಯ ಬ್ರೇಕ್ ಆಯಿಲ್. ಎರಡನೆಯದು ಇಂಧನದ ಕೊಳವೆಗಳು. ಮೂರನೆಯದು ನಾಲ್ಕು ಟೈರುಗಳು, ತಯಾರಕರ ಅಳತೆಯವೇ, ಹುಟ್ಟಿದ ವಾರ ನೋಡಿ ಆರಿಸಿದವು. ನಾಲ್ಕನೆಯದು ಕೂಲಂಟು, ಹೊಸ ಮುಚ್ಚಳ. ಐದನೆಯದು ಎಂಜಿನ್ ಎಣ್ಣೆ, ಎಣ್ಣೆಯ ಜಾಲರಿ, ಕಾಗದದ ಗಾಳಿಜಾಲರಿ. ಮಿಸ್ತ್ರಿ ಕನ್ನಡಕ ಹಾಕಿಕೊಂಡು ಈ ಸಲ ಪೂರ್ತಿ ಓದಿದರು. “ರಸ್ತಾ ಚಂದ ಹೇಳೇತ್ರಿ ಸರ” ಎಂದು ಒಂದೇ ಮಾತು ಆಡಿದರು. ಆಮೇಲೆ, ಪೆಟ್ಟಿಗೆ ಒಡೆದ ಸಾಮಾನು ಬೇಡವೆಂದೂ, ರಸೀದಿ ಇಲ್ಲದೆ ಏನನ್ನೂ ಕೊಳ್ಳಬೇಡಿರೆಂದೂ, ಅರ್ಧ ಬೆಲೆಗೆ ‘ಒರಿಜಿನಲ್’ ಎಂದು ಕೊಡುವವನ ಅಂಗಡಿ ಕಂಡರೆ ಎದುರು ಫುಟ್‌ಪಾತಿನಿಂದಲೇ ಹೋಗಿಬಿಡಿರೆಂದೂ ಬುದ್ಧಿ ಹೇಳಿದರು. ರೆನೊ ಎಂಜಿನ್ನಿನ ಬಿಡಿಭಾಗ ಬೇಕಾದಾಗ ಕಾರಿನ ಹೆಸರು ಹೇಳಿ ಕೇಳಬಾರದು, ಎಂಜಿನ್ನಿನ ಸಂಕೇತ ಹೇಳಿ, ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಅಳತೆ ಹೋಲಿಸಿ ಕೇಳಬೇಕೆಂಬುದು ಅವರ ಇನ್ನೊಂದು ಉಪದೇಶ.

ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು ನಮ್ಮಲ್ಲಿ ನೋಡದವರಿಲ್ಲ. 1549ರಲ್ಲಿ ಎರಕಹೊಯ್ದ ಸುಮಾರು 55 ಟನ್ನಿನ ಆ ತೋಪಿನ ಬಾಯಲ್ಲಿ ಆನೆಯನ್ನು ಜಗಿಯುವ ಸಿಂಹದ ಕೆತ್ತನೆಯಿದೆ. ಜನರು ಸಿಂಹದ ಬಾಯಿಗೆ ಬೆರಗಾಗುತ್ತಾರೆ. ತೋಪು ಇಂದಿಗೂ ಉಳಿದಿರುವುದು ಸಿಂಹದಿಂದಲ್ಲ. ತಾಮ್ರ ತವರಗಳನ್ನು ಹದವರಿತು ಬೆರೆಸಿದ ಲೋಹದಿಂದ. ಗೋಳಗುಮ್ಮಟದ ಭಾರವನ್ನು ಹೊತ್ತಿರುವುದೂ ಹೊರಗಿನ ಅಲಂಕಾರವಲ್ಲ, ಒಳಗೆ ಒಂದನ್ನೊಂದು ಕತ್ತರಿಸಿ ಹಾಯುವ ಎಂಟು ಕಮಾನುಗಳು.

ಮಿತ್ರರ ಕಾರು ತಪಾಸಣೆಯಲ್ಲಿ ತೇರ್ಗಡೆಯಾಯಿತು. ಅಲಾಯ್ ಗಾಲಿಗಳು ಅಂಗಡಿಯ ಗಾಜಿನ ಹಿಂದೆ ಇನ್ನೂ ಹೊಳೆಯುತ್ತಿವೆ. ಆ ದಾರಿಯಲ್ಲಿ ಹೋಗುವಾಗ ಅವರ ಕತ್ತು ಒಂದಿಷ್ಟು ಆ ಕಡೆ ತಿರುಗುವುದನ್ನು ನಾನು ಕಂಡಿದ್ದೇನೆ. ಇರಲಿ. ತಿಕೋಟಾ ಬಬಲೇಶ್ವರಗಳ ದಾರಿಯನ್ನು ನೋಡಬೇಕೆನ್ನುವ ಓದುಗರು ಎಳ್ಳಮಾವಾಸ್ಯೆಯ ಸುಮಾರಿಗೆ ಬರಲಿ. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ ಹಂಚಿಕೊಂಡು ಉಣ್ಣುತ್ತಾರೆ, ದಾರಿಹೋಕರನ್ನೂ ಕರೆಯುತ್ತಾರೆ. ಹೊರಡುವ ಮುನ್ನ, ಬೆಳಗಿನ ತಂಪಿನಲ್ಲಿ, ಟೈರಿನ ಗಾಳಿಯೊಂದನ್ನು ನೋಡಿಕೊಳ್ಳಿರಿ.